ತಪ್ಪು ಕೈಯದೋ, ಗುಂಡಿಯದೋ?

ನಾನು ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದೇನೆಂದು ಹೇಳಿದರೆ ಕೇಳಿದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. "ಹಾಗಾದರೆ ಈಗ ನನ್ನ ಮನಸ್ಸಿನಲ್ಲಿ ಏನಿದೆ, ಹೇಳು ನೋಡೋಣ" ಎಂಬುದು ಒಂದು, "ಹುಚ್ಚರಿಗೆ ಔಷಧಿ ಕೊಡುವ ಓದೇನಮ್ಮ?" ಎಂಬುದು ಇನ್ನೊಂದು. ಮೊದಲನೆಯದು ಈ ಶಾಸ್ತ್ರಕ್ಕೆ ಸಾಧ್ಯವಿಲ್ಲದ ಕೆಲಸ; ಎರಡನೆಯದು ವೈದ್ಯರಿಗೆ ಸೇರಿದ್ದು. ಈ ಎರಡರ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ಮೂರನೆಯ ಕಾರ್ಯಕ್ಷೇತ್ರವೊಂದು ಈ ಶಾಸ್ತ್ರಕ್ಕಿದೆ. ಅದು ವಸ್ತುಗಳಿಗೆ ಸಂಬಂಧಿಸಿದ್ದು. ಬಾಗಿಲು, ಸ್ವಿಚ್ಚು, ಟೆಲಿಫೋನು, ಅರ್ಜಿಯ ನಮೂನೆ, ವಿಮಾನದ ಸನ್ನೆಗೋಲು, ಇವೆಲ್ಲವನ್ನೂ ಮನುಷ್ಯನ ಕಣ್ಣು, ಕೈ, ನೆನಪು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿದು ರೂಪಿಸುವ ವಿದ್ಯೆ ಅದು. ಈಚಿನವರು ಇದನ್ನು 'ಬಳಕೆದಾರರ ಅನುಭವ' ಎಂಬ ಹೆಸರಿನಿಂದ ಕರೆಯುತ್ತಾರೆ, ಬೆಂಗಳೂರಿನ ಕಂಪನಿಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ನೌಕರಿಗಳಿವೆ. ಹೆಸರು ಹೊಸದಾದರೂ ವಿದ್ಯೆ ಹೊಸದಲ್ಲ. ಅದು ಮೊಟ್ಟಮೊದಲು ತನ್ನ ಬೆಲೆಯನ್ನು ತೋರಿಸಿಕೊಟ್ಟದ್ದು ಯುದ್ಧಕಾಲದಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯವರನ್ನು ಒಂದು ವಿಚಿತ್ರ ತೊಂದರೆ ಕಾಡುತ್ತಿತ್ತು. ಬಿ-17 ಎಂಬ ದೊಡ್ಡ ಬಾಂಬರ್ ವಿಮಾನಗಳು ಶತ್ರುಗಳ ಗುಂಡಿಗೆ ಸಿಕ್ಕದೆ ಕ್ಷೇಮವಾಗಿ ಹಿಂದಿರುಗಿ ನೆಲಕ್ಕಿಳಿಯುವುವು. ಇಳಿದು ಓಡುತ್ತಿರುವಾಗಲೇ ಚಾಲಕನು ಚಕ್ರಗಳನ್ನು ಒಳಕ್ಕೆ ಎಳೆದುಬಿಡುವನು! ವಿಮಾನ ಹೊಟ್ಟೆಯ ಮೇಲೆ ಕುಸಿಯುವುದು. ಇಳಿದ ಮೇಲೆ ರೆಕ್ಕೆಗಳ ಹಿಂಬದಿಯಲ್ಲಿರುವ ಫ್ಲ್ಯಾಪುಗಳೆಂಬ ಹಲಗೆಗಳನ್ನು ಮೇಲಕ್ಕೆ ಎತ್ತುವುದು ಚಾಲಕನ ಕರ್ತವ್ಯ. ಅದರ ಬದಲು ಅವನು ಚಕ್ರಗಳನ್ನು ಎತ್ತುತ್ತಿದ್ದನು. ವರದಿಗಳಲ್ಲಿ ಇದಕ್ಕೆ ಒಂದೇ ಕಾರಣ ಬರೆಯುತ್ತಿದ್ದರು: 'ಚಾಲಕನ ತಪ್ಪು'. ತಪ್ಪಿಗೆ ಮದ್ದು ಇನ್ನಷ್ಟು ತರಬೇತಿ, ಇನ್ನಷ್ಟು ಬೈಗುಳ.

ಆಲ್ಫಾನ್ಸ್ ಚಪಾನಿಸ್ ಎಂಬ ಯುವ ಮನಶ್ಶಾಸ್ತ್ರಜ್ಞನು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಚಾಲಕರ ಮನಸ್ಸನ್ನು ಪರೀಕ್ಷಿಸುವುದರ ಬದಲು ಅವರು ಕುಳಿತುಕೊಳ್ಳುವ ಜಾಗವನ್ನು ನೋಡಿದನು. ಚಕ್ರದ ಸ್ವಿಚ್ಚೂ ಫ್ಲ್ಯಾಪಿನ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದುವು. ಎರಡೂ ಅವಳಿ ಮಕ್ಕಳಂತೆ ಒಂದೇ ರೂಪ, ಮುಟ್ಟಿದರೆ ಒಂದೇ ಅನುಭವ. ಹಾರಿ ದಣಿದವನ ಕೈ ಒಂದಕ್ಕೆ ಹೋಗಬೇಕಾದದ್ದು ಇನ್ನೊಂದಕ್ಕೆ ಹೋದರೆ ಆಶ್ಚರ್ಯವೇನು? ಇನ್ನೂ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಸಿ-47 ಎಂಬ ಸಾಗಾಟದ ವಿಮಾನದಲ್ಲಿ ಇವೆರಡು ಸಾಧನಗಳು ಬೇರೆ ಬೇರೆ ಬಗೆಯವು. ಅದನ್ನು ನಡೆಸುವವರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಆ ವಿಮಾನದ ಚಾಲಕರೆಲ್ಲ ಜಾಣರು, ಈ ವಿಮಾನದವರೆಲ್ಲ ದಡ್ಡರು ಎನ್ನಲು ಬರುವಂತಿಲ್ಲವಷ್ಟೆ. ಚಪಾನಿಸನು ಚಕ್ರದ ಸ್ವಿಚ್ಚಿನ ತುದಿಗೆ ಒಂದು ಪುಟ್ಟ ರಬ್ಬರಿನ ಗಾಲಿಯನ್ನೂ ಫ್ಲ್ಯಾಪಿನ ಸ್ವಿಚ್ಚಿಗೆ ಬೆಣೆಯ ಆಕಾರದ ತುಂಡೊಂದನ್ನೂ ಅಂಟಿಸಿದನು. ನೋಡದೆ ಮುಟ್ಟಿದರೂ ಬೆರಳಿಗೆ ತಿಳಿಯುತ್ತಿತ್ತು. ತಪ್ಪುಗಳು ನಿಂತುವು. ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಚಕ್ರವನ್ನು ಇಳಿಸುವ ಸನ್ನೆಯ ತುದಿ ಗಾಲಿಯ ಆಕಾರದಲ್ಲಿಯೇ ಇರಬೇಕೆಂಬ ನಿಯಮವಿದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಇದೇ ದಾರಿಯಲ್ಲಿ ಮುಂದೆ ಹೋದರು. 'ಚಾಲಕನ ತಪ್ಪು' ಎಂದು ಕರೆಯಲಾಗುವ 460 ಅನುಭವಗಳನ್ನು ಚಾಲಕರ ಬಾಯಿಂದಲೇ ಸಂಗ್ರಹಿಸಿ ವಿಂಗಡಿಸಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದು ಸಾಧನವನ್ನು ಇನ್ನೊಂದೆಂದು ಭ್ರಮಿಸಿದ ತಪ್ಪುಗಳೇ ಆಗಿದ್ದುವು. ಅಂದರೆ ಮನುಷ್ಯರ ತಪ್ಪಿಗೂ ಒಂದು ಕ್ರಮವಿದೆ. ಒಬ್ಬನು ಒಮ್ಮೆ ಎಡವಿದರೆ ಅವನ ಕಾಲನ್ನು ನೋಡಬಹುದು. ಒಂದೇ ಜಾಗದಲ್ಲಿ ಹೋದವರೆಲ್ಲ ಎಡವುತ್ತಿದ್ದರೆ ಅಲ್ಲಿರುವ ಕಲ್ಲನ್ನು ನೋಡಬೇಕು.

ವಿಮಾನದ ಮಾತು ನಮಗೇಕೆ ಎನ್ನುವವರು ನಮ್ಮ ತರಗತಿಯ ಗೋಡೆಯನ್ನೇ ನೋಡಬಹುದು. ಒಂದೇ ಹಲಗೆಯ ಮೇಲೆ ಎಂಟು ಸ್ವಿಚ್ಚುಗಳು, ಒಂದೇ ಸಾಲು. ಮೇಲೆ ನಾಲ್ಕು ಫ್ಯಾನು, ನಾಲ್ಕು ದೀಪ, ಅವು ಸಾಲಿನಲ್ಲಿಲ್ಲ, ಚೌಕದಲ್ಲಿವೆ. ಮೂರು ವರ್ಷ ಅದೇ ಕೋಣೆಯಲ್ಲಿ ಕುಳಿತ ನಾವೂ, ಹದಿನೈದು ವರ್ಷ ಅಲ್ಲಿ ಪಾಠ ಹೇಳಿದ ಮೇಷ್ಟರೂ ಇಂದಿಗೂ ಒಂದು ಫ್ಯಾನಿಗಾಗಿ ನಾಲ್ಕು ಸ್ವಿಚ್ಚು ಒತ್ತಿ ನೋಡುತ್ತೇವೆ. ಸ್ವಿಚ್ಚುಗಳನ್ನು ಫ್ಯಾನುಗಳಿರುವ ಚೌಕದಲ್ಲಿಯೇ ಜೋಡಿಸಿದ್ದರೆ ಹೊಸಬನಿಗೂ ಹೇಳಿಕೊಡಬೇಕಾದದ್ದು ಏನೂ ಇರುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ಮನಶ್ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿಯನ್ನು ಹಾಕಿ, ಆಮೇಲೆ 'ತಳ್ಳಿ' ಎಂದು ಚೀಟಿ ಅಂಟಿಸುವವರನ್ನು ಅವರು ಅದರಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ಬಾಗಿಲಿಗೆ ಬರಹ ಬೇಕಾಯಿತೆಂದರೆ ಬಾಗಿಲು ಸರಿಯಿಲ್ಲವೆಂದೇ ಅರ್ಥ.

ಹಿಂದೆ ಹೋಗಿ ಟೆಲಿಫೋನಿನ ಕಥೆಯನ್ನೂ ನೋಡಬಹುದು. ಬೆಲ್ ಪ್ರಯೋಗಶಾಲೆಯಲ್ಲಿ ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರ ವಿಭಾಗವು ಒತ್ತುಗುಂಡಿಯ ಟೆಲಿಫೋನಿಗಾಗಿ ಅಂಕೆಗಳನ್ನು ಹಲವು ಬಗೆಯಾಗಿ ಜೋಡಿಸಿ, ಜನರ ಕೈಗೆ ಕೊಟ್ಟು, ಯಾವುದರಲ್ಲಿ ಬೇಗ ಒತ್ತುತ್ತಾರೆ, ಯಾವುದರಲ್ಲಿ ತಪ್ಪು ಕಡಮೆ, ಯಾವುದು ಅವರಿಗೆ ಹಿಡಿಸುತ್ತದೆ ಎಂದು ಅಳೆಯಿತು. ಮೇಲಿನ ಸಾಲಿನಲ್ಲಿ 1, 2, 3 ಬರುವ ಜೋಡಣೆ ಹಾಗೆ ಆಯ್ಕೆಯಾಗಿ 1963ರಲ್ಲಿ ಜನಬಳಕೆಗೆ ಬಂತು. ಲೆಕ್ಕದ ಯಂತ್ರಗಳಲ್ಲಾದರೋ ಮೇಲಿನ ಸಾಲು 7, 8, 9. ವಾಚಕರು ತಮ್ಮ ಜೇಬಿನ ಫೋನಿನಲ್ಲಿ ಒಮ್ಮೆ ನಂಬರು ಒತ್ತುವ ಹಾಳೆಯನ್ನೂ ಇನ್ನೊಮ್ಮೆ ಕ್ಯಾಲ್ಕುಲೇಟರನ್ನೂ ತೆರೆದು ನೋಡಲಿ. ಒಂದೇ ಫೋನಿನಲ್ಲಿ ಎರಡು ಮತಗಳು! ನಾವು ವರ್ಷಗಟ್ಟಲೆ ಎರಡನ್ನೂ ಬಳಸಿದ್ದರೂ ಇದನ್ನು ಗಮನಿಸಿದವರು ಕಡಮೆ.

ಇಷ್ಟು ಪೀಠಿಕೆಯಾಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಒಂದು ಸಂದರ್ಭವನ್ನು ಕುರಿತು. ಅದು ಮತದಾನ.

1951ರ ಜನಗಣತಿಯ ಪ್ರಕಾರ ನಮ್ಮಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಅದೇ ವರ್ಷ ಅಕ್ಟೋಬರಿನಲ್ಲಿ ಆರಂಭವಾಗಿ 1952ರ ಫೆಬ್ರವರಿಯವರೆಗೆ ನಡೆದ ಮೊದಲ ಮಹಾ ಚುನಾವಣೆಯಲ್ಲಿ ಮತದಾರರು 17 ಕೋಟಿಗೂ ಹೆಚ್ಚು. ಹೆಸರನ್ನು ಓದಲಾರದವನು ತನಗೆ ಬೇಕಾದವನ ಹೆಸರನ್ನು ಆರಿಸುವುದು ಹೇಗೆ? ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರೂ ಅವರ ಸಹಾಯಕರೂ ಕಂಡುಕೊಂಡ ಉಪಾಯವೇ ಚಿಹ್ನೆಗಳು. ಜೋಡೆತ್ತು, ಗುಡಿಸಲು, ಮರ, ದೀಪ, ಎಲ್ಲವೂ ಹಳ್ಳಿಯವನು ಬೆಳಗಾದರೆ ಕಾಣುವ ವಸ್ತುಗಳು. ಇದರ ಹಿಂದೆ ಮನಶ್ಶಾಸ್ತ್ರದ ಒಂದು ಗಟ್ಟಿಯಾದ ತತ್ತ್ವವಿದೆ: ನೆನಪಿನಿಂದ ಹೊರತೆಗೆಯುವುದಕ್ಕಿಂತ ಕಣ್ಣೆದುರಿಗೆ ಬಂದದ್ದನ್ನು ಗುರುತಿಸುವುದು ಬಹಳ ಸುಲಭ. ಪರೀಕ್ಷೆಯಲ್ಲಿ ಉತ್ತರ ಹೊಳೆಯದೆ ಒದ್ದಾಡಿದವರು ಹೊರಗೆ ಬಂದು ಪುಸ್ತಕ ತೆರೆದ ಕೂಡಲೆ "ಇದೇ, ಇದೇ!" ಎನ್ನುವುದಿಲ್ಲವೆ?

ಆ ಸಲ ಮತಪತ್ರದ ಮೇಲೆ ಗುರುತು ಹಾಕುವ ಕೆಲಸವೂ ಇರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರನು ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಚಿತ್ರವಿರುವ ಪೆಟ್ಟಿಗೆಯೊಳಗೆ ಚೀಟಿಯನ್ನು ಹಾಕಿ ಬಂದರಾಯಿತು. ಪೆನ್ನು ಹಿಡಿಯದ ಕೈಗೆ ಇದಕ್ಕಿಂತ ಸುಲಭವಾದ ವಿಧಾನ ಬೇರೆಯಿಲ್ಲ. ಆದರೆ ಎಷ್ಟು ಅಭ್ಯರ್ಥಿಗಳೋ ಅಷ್ಟು ಪೆಟ್ಟಿಗೆಗಳು ಬೇಕು. ಪರದೆಯ ಹಿಂದೆ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿಟ್ಟುಕೊಂಡು ಹೊರಗೆ ತಂದು ಮಾರಿಕೊಳ್ಳುವುದಕ್ಕೂ ಎಡೆಯುಂಟು.

ಇಲ್ಲಿ ಒಂದು ಅಡ್ಡ ಮಾತು ಹೇಳಲೇಬೇಕು. ಆ ಚುನಾವಣೆಯ ಪಟ್ಟಿಯನ್ನು ತಯಾರಿಸುವಾಗ ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಪರರಿಗೆ ಹೇಳಲು ಒಪ್ಪದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿಡಲಾಗದೆಂದು ಸುಮಾರು 28 ಲಕ್ಷ ಹೆಂಗಸರನ್ನು ಕೈಬಿಡಲಾಯಿತು. ನಮೂನೆಯಲ್ಲಿ 'ಹೆಸರು' ಎಂಬ ಒಂದು ಖಾನೆ ಇರುತ್ತದೆ. ಅದನ್ನು ತುಂಬುವುದು ಲೋಕದಲ್ಲೆಲ್ಲ ಅತ್ಯಂತ ಸುಲಭವೆಂದು ಅದನ್ನು ಅಚ್ಚು ಹಾಕಿಸಿದವರು ತಿಳಿದಿದ್ದರು.

1962ರ ಮಹಾ ಚುನಾವಣೆಯ ವೇಳೆಗೆ ಪೆಟ್ಟಿಗೆಗಳ ಸಾಲು ಹೋಗಿ, ಎಲ್ಲ ಹೆಸರು ಮತ್ತು ಚಿಹ್ನೆಗಳಿರುವ ಒಂದೇ ಮತಪತ್ರ ಬಂದಿತ್ತು. ಮತದಾರನು ರಬ್ಬರ್ ಮುದ್ರೆಯನ್ನು ಒತ್ತಿ, ಕಾಗದವನ್ನು ಮಡಿಸಿ, ಒಂದೇ ಪೆಟ್ಟಿಗೆಯಲ್ಲಿ ಹಾಕಬೇಕು. ಒತ್ತಿದ ಶಾಯಿ ಹಸಿಯಾಗಿರುವಾಗಲೇ ಮಡಿಸಿದರೆ ಅದು ಎದುರುಗಡೆಯ ಇನ್ನೊಂದು ಚಿಹ್ನೆಯ ಮೇಲೂ ಅಂಟಿಕೊಳ್ಳುತ್ತದೆ. ಆಗ ಎಣಿಸುವವನಿಗೆ ಒಂದು ಕಾಗದದಲ್ಲಿ ಎರಡು ಗುರುತು! ಇದಕ್ಕೆ ಕಂಡುಹಿಡಿದ ಪರಿಹಾರವನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಮುದ್ರೆಯಲ್ಲಿ ಬರಿಯ ಗುಣಾಕಾರ ಚಿಹ್ನೆಯನ್ನಿಡದೆ, ತೋಳುಗಳ ತುದಿ ಒಂದೇ ಕಡೆಗೆ ತಿರುಗಿದ, ಸ್ವಸ್ತಿಕವನ್ನು ಹೋಲುವ ಬಾಣದ ಅಡ್ಡಗುರುತನ್ನಿಟ್ಟರು. ಮಡಿಕೆಯಿಂದ ಅಂಟಿದ ಗುರುತು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುತ್ತದೆ. ಯಾವುದು ಕೈಯಿಂದ ಒತ್ತಿದ್ದು, ಯಾವುದು ಮಡಿಸಿದಾಗ ಅಂಟಿದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. "ಶಾಯಿ ಆರುವವರೆಗೆ ಮಡಿಸಬೇಡಿ" ಎಂದು ಕೋಟ್ಯಂತರ ಜನರಿಗೆ ಪಾಠ ಹೇಳುವುದಕ್ಕಿಂತ ಮುದ್ರೆಯನ್ನು ತಿದ್ದುವುದು ಲೇಸೆಂದು ಯಾರೋ ಯೋಚಿಸಿದ್ದಾರೆ. ಹಾಗೆ ಯೋಚಿಸಿದವರ ಹೆಸರನ್ನು ನಾವು ಯಾವ ಪಠ್ಯಪುಸ್ತಕದಲ್ಲಿಯೂ ಓದುವುದಿಲ್ಲ.

ಆದರೂ ಕಾಗದದಲ್ಲಿ ಕೆಲವು ತೊಡಕುಗಳು ಉಳಿದೇ ಇದ್ದುವು. ಎರಡು ಚಿಹ್ನೆಗಳಿಗೆ ಮುದ್ರೆ ಒತ್ತಿದ ಮತ, ಎರಡು ಖಾನೆಗಳ ನಡುವಣ ಗೆರೆಯ ಮೇಲೆ ಒತ್ತಿ ಯಾರಿಗೆಂದು ತಿಳಿಯದಂತಾದ ಮತ, ಎಲ್ಲವೂ ಕಸಕ್ಕೆ. ಮತ ಹಾಕಿದವನಿಗೆ ತನ್ನ ಮತ ಕಸವಾಯಿತೆಂಬ ಸಮಾಚಾರ ಎಂದೂ ತಲುಪುತ್ತಿರಲಿಲ್ಲ.

ಇನ್ನು ಮತಯಂತ್ರದ ವಿಷಯ. ಇದನ್ನು ತಯಾರಿಸುವ ಎರಡು ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಅದರ ಹೊರರೂಪವನ್ನು ರೂಪಿಸುವುದರಲ್ಲಿ ಮುಂಬಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರದ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಎಂಬ ಪ್ರಾಧ್ಯಾಪಕರು ದುಡಿದರು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರವನ್ನು ಮೊದಲು ಬಳಸಿದರು. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1988ರಲ್ಲಿ ಕಾನೂನನ್ನು ತಿದ್ದಿದರು. 2004ರ ಲೋಕಸಭಾ ಚುನಾವಣೆ ದೇಶಾದ್ಯಂತ ಯಂತ್ರದಲ್ಲಿಯೇ ನಡೆಯಿತು. ಯಂತ್ರವನ್ನು ನಂಬಬಹುದೋ ಬಾರದೋ ಎಂಬ ವಾದ ಬೇರೆ; ಅದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಅದನ್ನು ಬಳಸುವ ಕೈಯ ದೃಷ್ಟಿಯಿಂದ ಮಾತ್ರ ನೋಡೋಣ.

ನಾನು ಮೊದಲ ಸಲ ಮತ ಹಾಕಿದ್ದು 2024ರ ಲೋಕಸಭಾ ಚುನಾವಣೆಯಲ್ಲಿ, ನಮ್ಮ ಅಜ್ಜಿಯ ಜೊತೆ ಸಾಲಿನಲ್ಲಿ ನಿಂತು. ಅಜ್ಜಿಗೆ ಓದು ಬಾರದು. ಮುದ್ರೆಯ ಕಾಲವನ್ನೂ ಅವರು ಕಂಡವರು. "ಆಗ ಭಯವಾಗೋದು ಕಣವ್ವ, ಗೆರೆ ಮೇಲೆ ಬಿದ್ದರೆ ಏನು ಗತಿ ಅಂತ. ಈಗ ಒತ್ತಿದೆ, ಕೆಂಪು ದೀಪ ಹತ್ತಿತು, ಕುಯ್ ಅಂತು. ಇನ್ನೇನಾಗಬೇಕು?" ಎಂದರು. ನಮ್ಮ ಪಠ್ಯದಲ್ಲಿ ಎರಡು ಪುಟ ವಿವರಿಸಿರುವುದನ್ನು ಅಜ್ಜಿ ಮೂರು ಮಾತಿನಲ್ಲಿ ಮುಗಿಸಿದರು. ಚಿಹ್ನೆ ಎಲ್ಲಿದೆಯೋ ಅದೇ ಸಾಲಿನಲ್ಲಿಯೇ ನೀಲಿ ಗುಂಡಿ. ಇದು ನಮ್ಮ ತರಗತಿಯ ಸ್ವಿಚ್ಚುಹಲಗೆಯಲ್ಲಿ ಇಲ್ಲದ ಗುಣ. ಒತ್ತಿದ ಕೂಡಲೆ ಅದೇ ಸಾಲಿನ ದೀಪ ಹೊತ್ತುತ್ತದೆ, ಸದ್ದಾಗುತ್ತದೆ. ಮಾಡಿದ ಕೆಲಸಕ್ಕೆ ಯಂತ್ರ ಮರುಮಾತು ಕೊಡುತ್ತದೆ. ಕಣ್ಣು ಮಂದವಾದವರಿಗೆ ಸದ್ದು, ಕಿವಿ ಮಂದವಾದವರಿಗೆ ದೀಪ, ಕಣ್ಣೇ ಇಲ್ಲದವರಿಗೆ ಗುಂಡಿಯ ಪಕ್ಕದಲ್ಲಿ ಬ್ರೈಲ್ ಅಂಕೆ. ಒಮ್ಮೆ ಒತ್ತಿದ ಮೇಲೆ, ಅಧಿಕಾರಿ ತನ್ನ ಬಳಿಯ ಪೆಟ್ಟಿಗೆಯಿಂದ ಮತ್ತೆ ಅವಕಾಶ ಕೊಡುವವರೆಗೆ, ಹತ್ತು ಸಲ ಒತ್ತಿದರೂ, ಬೇರೆ ಗುಂಡಿಯನ್ನು ಒತ್ತಿದರೂ ಏನೂ ಆಗದು. ಗಾಬರಿಯಲ್ಲಿ ಎರಡೆರಡು ಸಲ ಒತ್ತುವುದು ಮನುಷ್ಯಸ್ವಭಾವ; ಯಂತ್ರ ಅದನ್ನು ಮೊದಲೇ ಬಲ್ಲುದು. ಎರಡು ಚಿಹ್ನೆಗೆ ಮತ ಹಾಕಿ ಕೆಡಿಸುವ ತಪ್ಪನ್ನು ಅದರಲ್ಲಿ ಮಾಡಲು ಸಾಧ್ಯವೇ ಇಲ್ಲ.

ಹಾಗಾದರೆ ಓದುಬರಹ ಬಲ್ಲವರಿಗೆ ಇಷ್ಟೆಲ್ಲ ಎಚ್ಚರಿಕೆ ಅನಾವಶ್ಯಕವೆ? ಅಮೆರಿಕದಲ್ಲಿ 2000ದ ನವೆಂಬರಿನಲ್ಲಿ ನಡೆದುದನ್ನು ನೋಡೋಣ. ಅಧ್ಯಕ್ಷ ಪದವಿಗೆ ಜಾರ್ಜ್ ಬುಷ್ ಮತ್ತು ಆಲ್ ಗೋರ್ ಅವರ ನಡುವೆ ಸ್ಪರ್ಧೆ. ಇಡೀ ದೇಶದ ತೀರ್ಪು ಫ್ಲಾರಿಡಾ ಎಂಬ ಒಂದು ರಾಜ್ಯದ ಮೇಲೆ ನಿಂತಿತ್ತು. ಅಲ್ಲಿನ ಪಾಮ್ ಬೀಚ್ ಎಂಬ ಜಿಲ್ಲೆಯಲ್ಲಿ ವೃದ್ಧರು ಹೆಚ್ಚು. ಅವರಿಗೆ ಓದಲು ಅನುಕೂಲವಾಗಲೆಂದು ಮತಪತ್ರದ ಅಕ್ಷರಗಳನ್ನು ದೊಡ್ಡದು ಮಾಡಿದರು. ಉದ್ದೇಶ ಬಹಳ ಒಳ್ಳೆಯದು. ಆದರೆ ಅಕ್ಷರ ದೊಡ್ಡದಾದಾಗ 10 ಅಭ್ಯರ್ಥಿಗಳ ಹೆಸರು ಒಂದು ಪುಟದಲ್ಲಿ ಹಿಡಿಸಲಿಲ್ಲ. ಚಿಟ್ಟೆಯ ರೆಕ್ಕೆಗಳಂತೆ ಎಡಕ್ಕೊಂದು, ಬಲಕ್ಕೊಂದು ಪುಟ ಮಾಡಿ, ಕಡ್ಡಿಯಿಂದ ಚುಚ್ಚಬೇಕಾದ ತೂತುಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟರು. ಎಡಪುಟದಲ್ಲಿ ಮೊದಲು ಬುಷ್, ಎರಡನೆಯವರು ಗೋರ್. ಬಲಪುಟದಲ್ಲಿ ಮೊದಲು ಪ್ಯಾಟ್ ಬುಕ್ಯಾನನ್. ತೂತುಗಳಲ್ಲಾದರೋ ಮೊದಲನೆಯದು ಬುಷ್ ಅವರದು, ಎರಡನೆಯದು ಬುಕ್ಯಾನನ್ ಅವರದು, ಮೂರನೆಯದು ಗೋರ್ ಅವರದು. ಎಡಪುಟವನ್ನು ಓದಿ "ನನ್ನವರು ಎರಡನೆಯವರು" ಎಂದುಕೊಂಡು ಎರಡನೆಯ ತೂತನ್ನು ಚುಚ್ಚಿದವನ ಮತ ಬುಕ್ಯಾನನ್ ಅವರಿಗೆ ಹೋಯಿತು.

ಆ ಜಿಲ್ಲೆಯಲ್ಲಿ ಬುಕ್ಯಾನನ್ ಅವರಿಗೆ 3,407 ಮತಗಳು ಬಂದುವು. ತಪ್ಪನ್ನು ಅರಿತು ಎರಡು ಕಡೆ ಚುಚ್ಚಿದವರೂ ಸೇರಿ 19,000ಕ್ಕೂ ಹೆಚ್ಚು ಮತಪತ್ರಗಳು ಜೋಡಿ ತೂತಿನಿಂದ ರದ್ದಾದುವು. ಇಡೀ ಫ್ಲಾರಿಡಾದಲ್ಲಿ ಬುಷ್ ಅವರು ಗೆದ್ದ ಅಂತರ 537 ಮತ. ಆ ಜಿಲ್ಲೆಯ ಜನ ನಿಜವಾಗಿಯೇ ಬುಕ್ಯಾನನ್ ಅವರನ್ನು ಮೆಚ್ಚಿರಬಾರದೇಕೆ ಎಂದು ಕೇಳಬಹುದು. ಅದಕ್ಕೂ ಉತ್ತರವಿದೆ. ಅಂಚೆಯ ಮೂಲಕ ಮತ ಕಳುಹಿಸಿದ ಅದೇ ಜಿಲ್ಲೆಯವರಿಗೆ ಈ ಚಿಟ್ಟೆಯ ಮತಪತ್ರವಿರಲಿಲ್ಲ; ಅವರಲ್ಲಿ ಬುಕ್ಯಾನನ್ ಅವರಿಗೆ ಬಿದ್ದುದು ಸಾವಿರಕ್ಕೆ ಸುಮಾರು 2 ಮತ. ಮತಗಟ್ಟೆಗೆ ಹೋದವರಲ್ಲಿ ಸಾವಿರಕ್ಕೆ 8ಕ್ಕೂ ಮೇಲೆ. 2001ರಲ್ಲಿ ರಾಜ್ಯಶಾಸ್ತ್ರಜ್ಞರ ಒಂದು ತಂಡ ಇದನ್ನೆಲ್ಲ ಲೆಕ್ಕ ಹಾಕಿ, 2,000ಕ್ಕೂ ಹೆಚ್ಚು ಮಂದಿ ಗೋರ್ ಅವರಿಗೆಂದು ಹೋಗಿ ಬುಕ್ಯಾನನ್ ಅವರಿಗೆ ಹಾಕಿ ಬಂದರೆಂಬ ನಿರ್ಣಯಕ್ಕೆ ಬಂದಿತು. ಮತ್ತೆ ಬಿ-17 ಮತ್ತು ಸಿ-47ರ ಕಥೆಯೇ! ಜನ ಅವರೇ, ವಸ್ತು ಬೇರೆಯಾದರೆ ತಪ್ಪು ಬೇರೆ. ಪತ್ರಿಕೆ ಓದಬಲ್ಲ, ಕಾರು ನಡೆಸಬಲ್ಲ ಮತದಾರರು ಅವರು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಒಂದು ಕಾರಣವಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಗಾಗಿ ನಮ್ಮ ಬೀದಿಯ ಅರ್ಜಿ, ಪಾಸ್‌ಬುಕ್ಕು, ಫೋನಿಗೆ ಬಂದ ಸಂದೇಶ ಎಲ್ಲವೂ ಸಂಜೆಯ ಹೊತ್ತಿಗೆ ನಮ್ಮ ಜಗಲಿಗೆ ಬರುತ್ತವೆ. ಬ್ಯಾಂಕೊಂದರಲ್ಲಿ ಪಾಸ್‌ಬುಕ್ಕನ್ನು ತಾನೇ ಅಚ್ಚು ಮಾಡುವ ಯಂತ್ರವನ್ನಿಟ್ಟಿದ್ದಾರೆ. ಪುಸ್ತಕವನ್ನು ಸರಿಯಾದ ಪುಟಕ್ಕೆ ತೆರೆದು, ಸರಿಯಾದ ಮಗ್ಗುಲಲ್ಲಿ ಒಳಗೆ ಬಿಡಬೇಕು. ಯಾವ ಮಗ್ಗುಲು ಎಂಬುದನ್ನು ಆ ಸೀಳುಗಂಡಿ ತೋರಿಸುವುದಿಲ್ಲ. ಎಲ್ಲ ಮಗ್ಗುಲನ್ನೂ ಒಂದೇ ಸಮನಾಗಿ ಒಳಗೆ ಬಿಟ್ಟುಕೊಂಡು, ಆಮೇಲೆ ಉಗುಳುತ್ತದೆ. ಏಕೆ ಉಗುಳಿತೆಂಬುದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದು, ಓದುವವರು ಓದಿ ಮುಗಿಸುವುದರೊಳಗೆ ಮಾಯವಾಗುತ್ತದೆ. ನಮ್ಮ ಬೀದಿಯ ದೊಡ್ಡಮ್ಮನೊಬ್ಬರು, ಕತ್ತಲಲ್ಲಿ ಕುಳಿತು ಒಂದು ಹೂವೂ ಹೆಚ್ಚುಕಡಮೆಯಾಗದಂತೆ ಮಲ್ಲಿಗೆ ಕಟ್ಟುವವರು, ಅದರ ಮುಂದೆ ನಾಲ್ಕು ಸಲ ಸೋತು ಬಂದರು. ಅಲ್ಲಿದ್ದವರು "ನಿಮಗಿದೆಲ್ಲ ತಿಳಿಯೋದಿಲ್ಲ, ಯಾರಾದರೂ ಓದಿದವರನ್ನ ಕರೆದುಕೊಂಡು ಬನ್ನಿ" ಎಂದರಂತೆ. ಮರುದಿನ ಓದಿದವಳಾದ ನಾನು ಹೋದೆ. ಮೂರನೆಯ ಸಲಕ್ಕೆ ಒಳಗೆ ಹೋಯಿತು. ನಾಲ್ಕಕ್ಕೂ ಮೂರಕ್ಕೂ ಇರುವ ಅಂತರವೇ ನನ್ನ ಮೂರು ವರ್ಷದ ಬಿ.ಎ. ಎಂದು ದೊಡ್ಡಮ್ಮನಿಗೆ ಹೇಳಿದೆ, ಅವರು ನಗಲಿಲ್ಲ. ಆ ಯಂತ್ರದ ಹತ್ತಿರ ಇನ್ನು ಹೋಗುವುದಿಲ್ಲ ಎಂದರು. ತಿಳಿಯದು ಎಂಬ ಮಾತನ್ನು ಒಮ್ಮೆ ಕೇಳಿಸಿಕೊಂಡವರು ಎರಡನೆಯ ಸಲ ಕೇಳಿಸಿಕೊಳ್ಳುವ ಜಾಗಕ್ಕೆ ಹೋಗುವುದಿಲ್ಲ. ಅವರ ಹಣ ಅಲ್ಲಿದೆ. ಎಷ್ಟಿದೆ ಎಂದು ತಿಳಿಯಲು ಈಗ ನನ್ನ ಬಿಡುವನ್ನು ಕಾಯಬೇಕು.

ಹಾಗೆಂದು ಹೊಸದೆಲ್ಲ ಕೆಟ್ಟದೆಂದು ಹೇಳಿದರೆ ಅನ್ಯಾಯವಾಗುತ್ತದೆ. ಅದೇ ದೊಡ್ಡಮ್ಮ ಹೂವು ಮಾರುವ ಬುಟ್ಟಿಯ ಪಕ್ಕದಲ್ಲಿ, ಫೋನಿನಿಂದ ಹಣ ಬಂದಾಗ ಮೊತ್ತವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟುಕೊಂಡಿದ್ದಾರೆ. ಕೊಟ್ಟೆನೆಂದು ಫೋನಿನ ಪರದೆ ತೋರಿಸಿ ಹೋಗುವವರ ಮುಂದೆ ಮೊದಲು ಅವರು ಸುಮ್ಮನೆ ತಲೆಯಾಡಿಸಬೇಕಾಗಿತ್ತು. ಈಗ ಪೆಟ್ಟಿಗೆ ಬಾಯಿ ಬಿಡುವವರೆಗೆ ಹೂವು ಕೈ ಬಿಡುವುದಿಲ್ಲ. ಪಾಸ್‌ಬುಕ್ಕಿನ ಯಂತ್ರವನ್ನು ಮಾಡಿದವರೂ ಈ ಪೆಟ್ಟಿಗೆಯನ್ನು ಮಾಡಿದವರೂ ಒಂದೇ ಬಗೆಯ ಎಂಜಿನಿಯರುಗಳೇ ಇರಬೇಕು. ಒಂದನ್ನು ಮಾಡುವಾಗ ದೊಡ್ಡಮ್ಮ ಅವರ ಕಣ್ಣೆದುರಿಗೆ ಇದ್ದರು, ಇನ್ನೊಂದನ್ನು ಮಾಡುವಾಗ ಇರಲಿಲ್ಲ.

ಮತಯಂತ್ರಕ್ಕೆ ಹಿಂದಿರುಗುತ್ತೇನೆ, ಅದರಲ್ಲಿಯೂ ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಒಂದು ಘಟಕದಲ್ಲಿ 16 ಗುಂಡಿಗಳು. ಅಭ್ಯರ್ಥಿಗಳು ಹೆಚ್ಚಾದರೆ ಪಕ್ಕದಲ್ಲಿ ಇನ್ನೊಂದು ಘಟಕ, ಮತ್ತೊಂದು ಘಟಕ. 2019ರಲ್ಲಿ ತೆಲಂಗಾಣದ ನಿಜಾಮಾಬಾದ್ ಕ್ಷೇತ್ರದಲ್ಲಿ, ಬಹುಮಂದಿ ರೈತರು ಪ್ರತಿಭಟನೆಗಾಗಿಯೇ ನಿಂತದ್ದರಿಂದ, 185 ಅಭ್ಯರ್ಥಿಗಳಿದ್ದರು. ಪ್ರತಿ ಮತಗಟ್ಟೆಯಲ್ಲಿಯೂ 12 ಘಟಕಗಳನ್ನು ಜೋಡಿಸಬೇಕಾಯಿತು. ಚಿತ್ರವನ್ನು ಗುರುತಿಸುವುದು ಸುಲಭವೆಂದೆನಲ್ಲ, ಅದು ಹತ್ತಾರು ಚಿತ್ರಗಳ ನಡುವೆ. 185 ಚಿತ್ರಗಳ ನಡುವೆ ಅದು ಹುಡುಕಾಟವಾಗುತ್ತದೆ, ಹಿಂದೆ ಸಾಲು ನಿಂತಿರುತ್ತದೆ.

ಒಂದನ್ನೊಂದು ಹೋಲುವ ಚಿಹ್ನೆಗಳ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಅದೇ ತೆಲಂಗಾಣದಲ್ಲಿ ಕಾರಿನ ಚಿಹ್ನೆಯಿರುವ ಪಕ್ಷವೊಂದು, ಪಕ್ಷೇತರರಿಗೆ ಕೊಡುವ ರೋಡ್ ರೋಲರಿನಂಥ ಚಿಹ್ನೆಗಳು ತನ್ನದನ್ನು ಹೋಲುತ್ತವೆ, ತನಗೆ ಬರಬೇಕಾದ ಮತಗಳು ಅತ್ತ ಹೋಗುತ್ತಿವೆ ಎಂದು ದೂರಿ, 2023ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರಿಗೂ ರೋಡ್ ರೋಲರಿಗೂ ಇರುವ ಭೇದವನ್ನು ತಿಳಿಯದಷ್ಟು ನಮ್ಮ ಮತದಾರರು ದಡ್ಡರಲ್ಲ ಎಂಬರ್ಥದ ಮಾತನ್ನಾಡಿ ನ್ಯಾಯಪೀಠವು ಅರ್ಜಿಯನ್ನು ಪುರಸ್ಕರಿಸಲಿಲ್ಲ. ಮತದಾರರ ಬುದ್ಧಿಗೆ ಕೊಟ್ಟ ಆ ಗೌರವಕ್ಕೆ ನಾನು ಕೃತಜ್ಞಳು. ಕಾನೂನಿನ ದೃಷ್ಟಿಯಿಂದ ಆ ತೀರ್ಮಾನ ಸರಿಯೇ ಇದ್ದೀತು. ಅದನ್ನು ವಿಮರ್ಶಿಸುವ ಯೋಗ್ಯತೆ ನನಗಿಲ್ಲ. ಮನಶ್ಶಾಸ್ತ್ರದ ವಿದ್ಯಾರ್ಥಿನಿಯಾಗಿ ಮಾತ್ರ ಒಂದು ಮಾತು ಹೇಳಬಲ್ಲೆ: ಬಿ-17ರ ಚಾಲಕನಿಗೂ ಚಕ್ರಕ್ಕೂ ಫ್ಲ್ಯಾಪಿಗೂ ಇರುವ ಭೇದ ಚೆನ್ನಾಗಿ ಗೊತ್ತಿತ್ತು. ಭೇದ ಗೊತ್ತಿರುವುದು ಒಂದು ಸಾಮರ್ಥ್ಯ. ಅಂಗುಲದಷ್ಟು ಅಗಲದ ಕಪ್ಪುಬಿಳುಪು ಚಿತ್ರದಲ್ಲಿ, ಮಬ್ಬು ಬೆಳಕಿನಲ್ಲಿ, ಮಂದವಾದ ಕಣ್ಣಿಗೆ, ಎರಡು ಕ್ಷಣದಲ್ಲಿ ಅದು ಕಾಣುವುದು ಇನ್ನೊಂದು. ಎರಡು ಚಿತ್ರಗಳು ಹೋಲುತ್ತವೆಯೋ ಇಲ್ಲವೋ ಎಂಬುದನ್ನು ವಾದದಿಂದ ತೀರ್ಮಾನಿಸಬೇಕಾಗಿಯೇ ಇಲ್ಲ. ಟೆಲಿಫೋನಿನ ಗುಂಡಿಗಳಿಗೆ ಮಾಡಿದ ಹಾಗೆ, ಚಿಹ್ನೆಗಳ ಪಟ್ಟಿಯನ್ನು ಅಚ್ಚು ಹಾಕಿಸುವ ಮೊದಲು ಎಪ್ಪತ್ತು ದಾಟಿದ ಒಂದಷ್ಟು ಮಂದಿಯ ಮುಂದೆ ಅವನ್ನಿಟ್ಟು, ಕಾರನ್ನು ತೋರಿಸಿ ಎಂದು ಕೇಳಿ, ಬೆರಳು ಎಲ್ಲಿಗೆ ಹೋಗುತ್ತದೆಂದು ಎಣಿಸಬಹುದು. ಒಂದು ಮಧ್ಯಾಹ್ನದ ಕೆಲಸ.

2013ರಿಂದ ಹಂತಹಂತವಾಗಿ ಬಂದು 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ತಲುಪಿದ ವಿವಿಪ್ಯಾಟ್ ಎಂಬ ಚೀಟಿಯ ಪೆಟ್ಟಿಗೆಗೂ ಇದೇ ಪರೀಕ್ಷೆ ಬೇಕು. ಮತ ಯಾರಿಗೆ ಬಿತ್ತೆಂಬ ಚೀಟಿ ಅದರ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿಕೊಂಡು ಒಳಗೆ ಬೀಳುತ್ತದೆ. ಕೆಂಪು ದೀಪ ಹೊತ್ತಿದ್ದು ಒಂದು ಪೆಟ್ಟಿಗೆಯಲ್ಲಿ, ಚೀಟಿ ಬರುವುದು ಪಕ್ಕದ ಇನ್ನೊಂದರಲ್ಲಿ. ಕಣ್ಣು ಅಲ್ಲಿಂದ ಇಲ್ಲಿಗೆ ಬರಬೇಕು, ಬರಬೇಕೆಂದು ಮೊದಲೇ ತಿಳಿದಿರಬೇಕು. 2024ರಲ್ಲಿ ಮತ ಹಾಕಿ ಬಂದ ನಮ್ಮ ಬೀದಿಯ ಕೆಲವರನ್ನು ಕೇಳಿ ನೋಡಿದೆ. ಚೀಟಿಯಲ್ಲಿ ತಮ್ಮ ಚಿಹ್ನೆಯನ್ನೇ ಕಂಡೆವೆಂದು ಹೇಳಿದವರಿದ್ದರು. ಚೀಟಿ ಕಂಡಿತು, ಅದರಲ್ಲಿ ಏನಿತ್ತೋ ತಿಳಿಯಲಿಲ್ಲ ಎಂದವರಿದ್ದರು. ನಮ್ಮ ಅಜ್ಜಿ, "ಯಾವ ಚೀಟಿ?" ಎಂದು ನನ್ನನ್ನೇ ಕೇಳಿದರು.